ಶಾಲೆಯ ಗ್ಯಾದರಿಂಗಿಗೆ ಜಪಾನಿನ ಹುಲಿ: ಹುಡುಗನ ಹಟಕ್ಕೆ ಏನು ಮಾಡೋಣ?

ಅಖಾಡದ ಅಂಚಿನವ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ವಿಷಯ ಮನೆಯಲ್ಲಿ ದೊಡ್ಡದಾಗಿದೆ. ನಾಲ್ಕು ಜನರ ಮಾತು ಕೇಳೋಣವೆಂದು ಇಲ್ಲಿಗೆ ತಂದಿದ್ದೇನೆ.

ಅಕ್ಕನ ಮಗ ನಾಲ್ಕನೇ ತರಗತಿ. ಮುಂದಿನ ತಿಂಗಳು ಅವನ ಶಾಲೆಯ ಗ್ಯಾದರಿಂಗ್. ಅಲ್ಲಿನ ವೇಷಭೂಷಣ ಸ್ಪರ್ಧೆಯಲ್ಲಿ ಪ್ರತಿ ವರ್ಷ ಆರೇಳು ಚೆನ್ನಮ್ಮರು, ಅಷ್ಟೇ ರಾಯಣ್ಣರು, ಒಬ್ಬಿಬ್ಬರು ವಿವೇಕಾನಂದರು ಸಾಲಾಗಿ ನಿಲ್ಲುತ್ತಾರೆ. ನಮ್ಮವನು ಈ ಸಲ ಟೈಗರ್ ಮಾಸ್ಕ್ ಆಗುತ್ತೇನೆಂದು ಹಟ ಹಿಡಿದಿದ್ದಾನೆ. ತಪ್ಪು ನನ್ನದೇ. ನಾನು ರಾತ್ರಿ ಮೊಬೈಲಿನಲ್ಲಿ ಹಳೆಯ ಕಾರ್ಟೂನು ನೋಡುವಾಗ ಅವನು ಹೆಗಲ ಮೇಲಿಂದ ಇಣುಕಿ ನೋಡಿ ಅಂಟಿಸಿಕೊಂಡ ಹುಚ್ಚು ಇದು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಟೈಗರ್ ಮಾಸ್ಕ್ ಜಪಾನಿನ ಚಿತ್ರಕಥೆಯೊಂದರ ಕುಸ್ತಿಪಟು. ಬರೆದವರು ಇಕ್ಕಿ ಕಾಜಿವಾರಾ, ಚಿತ್ರ ಬಿಡಿಸಿದವರು ನವೋಕಿ ತ್ಸುಜಿ. 1968ರಲ್ಲಿ ಪತ್ರಿಕೆಯಲ್ಲಿ ಶುರುವಾಯಿತು. 1969ರಿಂದ 1971ರವರೆಗೆ ಟಿವಿಯಲ್ಲಿ 105 ಕಂತು ಬಂತು. ನಾಯಕ ನವೋತೋ ದಾತೆ ಅನಾಥ. ಆಲ್ಪ್ಸ್ ಪರ್ವತದೊಳಗೆ ‘ಹುಲಿಯ ಗವಿ’ ಎಂಬ ಗುಪ್ತ ಗರಡಿಯಿದೆ, ಅಲ್ಲಿ ಪಳಗುತ್ತಾನೆ. ಕಲಿಸುವುದೆಲ್ಲ ಮೋಸದ ಕುಸ್ತಿಯೇ: ಕಚ್ಚು, ಕಣ್ಣಿಗೆ ಕೈ ಹಾಕು, ರಕ್ತ ಹರಿಸು. ಕಲಿತು ಹೊರಬಿದ್ದವನು ಗಳಿಕೆಯಲ್ಲಿ ಅರ್ಧವನ್ನು ಗವಿಗೆ ಕಟ್ಟುತ್ತಿರಬೇಕು. ಹುಲಿಯ ಮುಖವಾಡ ಹಾಕಿ ಅಮೆರಿಕದಲ್ಲಿ ಅವನು ಆಡಿದ ಆಟಕ್ಕೆ ಜನ ಇಟ್ಟ ಹೆಸರು ‘ಹಳದಿ ಪಿಶಾಚಿ’. ಜಪಾನಿಗೆ ಮರಳಿ ತಾನು ಬೆಳೆದ ಅನಾಥಾಲಯಕ್ಕೆ ಹೋಗಿ ನೋಡಿದರೆ ಅದು ಸಾಲದಲ್ಲಿ ಮುಳುಗಿದೆ. ಗವಿಗೆ ಕಟ್ಟಬೇಕಾದ ಹಣವನ್ನು ಅಲ್ಲಿಗೆ ಕೊಟ್ಟುಬಿಡುತ್ತಾನೆ. ಅಲ್ಲಿಂದ ಮುಂದೆ ಗವಿಯವರು ಒಬ್ಬನಾದ ಮೇಲೆ ಒಬ್ಬ ಪೈಲ್ವಾನನನ್ನು ಅವನ ಮೇಲೆ ಛೂ ಬಿಡುತ್ತಾರೆ. ಅನಾಥಾಲಯದ ಮಕ್ಕಳಿಗೆ ಮಾತ್ರ ಇದೇನೂ ತಿಳಿಯದು. ಅವರ ಪಾಲಿಗೆ ಅವನು ಆಗಾಗ ಬಂದುಹೋಗುವ ಶೋಕಿಯ ಅಣ್ಣ ಅಷ್ಟೇ.

ನಮ್ಮ ಅಪ್ಪ ಇದನ್ನೆಲ್ಲ ಕೇಳಿ, ‘ನಮ್ಮಲ್ಲಿ ಹುಲಿಗೆ ಬರ ಬಂದಿದೆಯೇನು, ಜಪಾನಿನಿಂದ ತರಿಸಲಿಕ್ಕೆ?’ ಎಂದುಬಿಟ್ಟರು. ಶಾಲೆಯ ಬಾಯಿಯವರು, ಅಂದರೆ ಟೀಚರು, ಬೇಡವೆನ್ನಲಿಲ್ಲ. ಆದರೆ ಈ ಪಾತ್ರ ಯಾರದು, ಏಕೆ ಇಷ್ಟ ಎಂದು ಹುಡುಗ ಎರಡು ನಿಮಿಷ ಕನ್ನಡದಲ್ಲಿ ಹೇಳಬೇಕಂತೆ. ಏನು ಹೇಳಿಸಲಿ? ಅಥವಾ ಸುಮ್ಮನೆ ರಾಯಣ್ಣನ ರುಮಾಲು ಸುತ್ತಿ ಕಳಿಸಲೇ?

ಎರಡನೇ ಪಾಳಿ, ಬಾಗಲಕೋಟೆ

ಇವನು ಟೆಕ್ಕನ್ ಎಂಬ ವಿಡಿಯೋ ಗೇಮಿನಲ್ಲಿ ಬರುವ ಕಿಂಗ್ ಎಂಬ ಕುಸ್ತಿಪಟು ಅಲ್ಲವೇ? ಕಾಲೇಜಿನ ದಿನಗಳಲ್ಲಿ ವಿದ್ಯಾಗಿರಿಯ ಸೈಬರ್ ಕೆಫೆಯಲ್ಲಿ ಅವನನ್ನೇ ಆರಿಸಿಕೊಳ್ಳುತ್ತಿದ್ದೆ. ಎತ್ತಿ ಒಗೆದರೆ ಎದುರಿನವನು ಏಳುತ್ತಿರಲಿಲ್ಲ.

ಅಖಾಡದ ಅಂಚಿನವ, ಬೆಳಗಾವಿ

ಅವನದು ಜಾಗ್ವಾರ್ ಮುಖ ಅಣ್ಣಾ, ಪಟ್ಟೆ ಅಲ್ಲ, ಚುಕ್ಕೆ. ಆದರೆ ಇಬ್ಬರಿಗೂ ನೆಂಟಸ್ತಿಕೆಯಿದೆ. ಅವನ ಕಥೆಯಲ್ಲೂ ಅನಾಥಾಲಯವೇ ಬರುತ್ತದೆ. ಇನ್ನೊಂದು ಸೋಜಿಗ ಕೇಳಿ: ಮೆಕ್ಸಿಕೋದಲ್ಲಿ ‘ಫ್ರೈ ತೋರ್ಮೆಂತಾ’ ಎಂಬ ಹೆಸರಿನಲ್ಲಿ ಒಬ್ಬ ಕ್ರೈಸ್ತ ಪಾದ್ರಿ ಮುಖವಾಡ ಹಾಕಿ ವರ್ಷಗಟ್ಟಲೆ ಕುಸ್ತಿ ಆಡಿದರು. ಬಂದ ದುಡ್ಡಿನಲ್ಲಿ ಅನಾಥ ಮಕ್ಕಳನ್ನು ಸಾಕಿದರು. ಅದು ಕಥೆಯಲ್ಲ, ನಡೆದದ್ದು.

ಹಳೇ ಪೈಲ್ವಾನ, ಜಮಖಂಡಿ

ತಮ್ಮಾ, ನಾನು ಹನ್ನೆರಡು ವರ್ಷ ಮಣ್ಣು ಮೆತ್ತಿಕೊಂಡವನು. ನನ್ನ ಮಾತು ಖಾರ ಎನಿಸಿದರೆ ಬೇಸರ ಮಾಡಿಕೊಳ್ಳಬೇಡ.

ಅಖಾಡದ ಮಣ್ಣಿಗೆ ಅರಿಶಿನ, ಮಜ್ಜಿಗೆ, ಒಳ್ಳೆಣ್ಣೆ, ನಿಂಬೆ ರಸ ಹಾಕಿ ಸಲಿಕೆಯಿಂದ ಕಡಿದು ಹದ ಮಾಡುತ್ತಿದ್ದೆವು. ಬೆಳಗಿನ ನಾಲ್ಕೂವರೆಗೆ ಹನುಮಪ್ಪನ ಪಟಕ್ಕೆ ಕೈ ಮುಗಿದು ಇಳಿದರೆ ಮೈಮೇಲೆ ಲಂಗೋಟಿಯೊಂದೇ. ಹಿಡಿಯಲು ಬಟ್ಟೆಯಿಲ್ಲ, ಅಡಗಲು ಮೂಲೆಯಿಲ್ಲ. ಎದುರಾಳಿಯ ಕಣ್ಣು ನೋಡಿಯೇ ಅವನು ಯಾವ ಕಾಲಿಗೆ ಬರುತ್ತಾನೆಂದು ಹೇಳಬೇಕು. ಅಂಥಲ್ಲಿ ಮುಖ ಮುಚ್ಚಿಕೊಂಡು ಬಂದವನನ್ನು ಪಂಚರು ಕಣದೊಳಗೇ ಬಿಡುವುದಿಲ್ಲ. ನೀನು ಹೇಳುವುದು ಟಿವಿ ಕುಸ್ತಿ. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ. ನಾವು ಅದಕ್ಕೆ ನೂರಾ ಕುಸ್ತಿ ಎನ್ನುತ್ತೇವೆ. ಜಾತ್ರೆಯಲ್ಲಿ ಹಾಗೆ ಆಡಿದವರನ್ನು ಜನ ಚಪ್ಪಲಿ ತೋರಿಸಿ ಓಡಿಸುತ್ತಿದ್ದರು.

ಇನ್ನೊಂದು ಮಾತು. ಅಖಾಡದಲ್ಲಿ ಹುಲಿಗೆ ಜಾಗವೇ ಇಲ್ಲ. ಗೆದ್ದವನಿಗೆ ಕೊಡುವ ಬಿರುದು ನೋಡು: ಹಿಂದ್ ಕೇಸರಿ, ಕರ್ನಾಟಕ ಕೇಸರಿ, ಮಹಾರಾಷ್ಟ್ರ ಕೇಸರಿ. ಕೇಸರಿ ಎಂದರೆ ಸಿಂಹ. ಹುಲಿ ಪೊದೆಯಲ್ಲಿ ಕೂತು ಹಿಂದಿನಿಂದ ಬೀಳುವ ಪ್ರಾಣಿ.

ಕರಾವಳಿ ಸೊಸೆ, ಖಾನಾಪುರ

ಪೈಲ್ವಾನರೇ, ಗಿರ್ ಕಾಡು ಬಿಟ್ಟರೆ ಈ ದೇಶದಲ್ಲಿ ಸಿಂಹ ಎಲ್ಲಿದೆ? ಬಿರುದು ಕೊಟ್ಟವರೂ ಪಡೆದವರೂ ಸಿಂಹವನ್ನು ಪಟದಲ್ಲಿ ಮಾತ್ರ ಕಂಡವರು. ಹುಲಿ ಹಾಗಲ್ಲ. ನಮ್ಮ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿದೆ. ಸಂಜೆ ಆರರ ಮೇಲೆ ಕಾಡಂಚಿನ ಊರಿಗೆ ಹೋಗುವುದಾದರೆ ನಮ್ಮ ಅತ್ತೆ ಇಂದಿಗೂ ‘ಹುಲಿ’ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ, ‘ದೊಡ್ಡದು’ ಎನ್ನುತ್ತಾರೆ.

ಇರಲಿ, ನಾನು ಮಂಗಳೂರಿನ ಕಡೆಯಿಂದ ಬಂದವಳು. ಹುಲಿ ವೇಷ ನನಗೆ ತವರಿನ ಮಾತು. ನವರಾತ್ರಿಗೆ ಊದು ಹಾಕಿ ಪೂಜೆ ಮಾಡಿ ಹೊರಟರೆ, ತಾಸೆಯ ಪೆಟ್ಟು ಎರಡು ಬೀದಿಯಾಚೆ ಕೇಳಿದರೂ ಇಲ್ಲಿ ಎದೆಯಲ್ಲಿ ಬಡಿಯುತ್ತದೆ. ಹಲ್ಲಿನಲ್ಲಿ ಕಚ್ಚಿ ಅಕ್ಕಿಮುಡಿ ಎತ್ತಿ ಹಿಂದಕ್ಕೆ ಎಸೆಯುವವರಿದ್ದಾರೆ. ಹುಡುಗನಿಗೆ ಹುಲಿಯೇ ಬೇಕೆಂದರೆ ಅದನ್ನೇ ಹಾಕಿಸಿ. ಮುಖವಾಡ ಹೊಲಿಸುವ ಖರ್ಚೂ ಉಳಿಯುತ್ತದೆ. ಜಪಾನಿನಲ್ಲಿ ಕಾಡುಹುಲಿ ಎಂಬುದೇ ಇಲ್ಲ, ಗೊತ್ತೇ? ಅಲ್ಲಿನ ಹಳೆಯ ಚಿತ್ರಕಾರರು ಹೊರಗಿನಿಂದ ಬಂದ ಹುಲಿಯ ಚರ್ಮವನ್ನೂ ಮನೆಯ ಬೆಕ್ಕನ್ನೂ ನೋಡಿಕೊಂಡು ಹುಲಿ ಬರೆಯುತ್ತಿದ್ದರಂತೆ. ಅಂಥವರ ಹುಲಿ ನಮಗೇಕೆ?

ಶೇರ್ಜಾ ಬುರುಜು, ವಿಜಯಪುರ

ಕರಾವಳಿಯ ಅಕ್ಕನವರೇ, ಹುಲಿ ವೇಷ ಎಂದೊಡನೆ ಎಲ್ಲರೂ ಮಂಗಳೂರು ಎನ್ನುತ್ತಾರೆ. ನಮ್ಮ ಕಡೆಯ ಮೊಹರಂ ಹುಲಿಯನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಹುಟ್ಟಿ ಬೆಳೆದವರು ನನಗೆ ಸಾಕ್ಷಿ ಹೇಳಲಿ.

ನಾನು ಆ ಹುಲಿ ಆಗಿದ್ದವನು. ಐದು ವರ್ಷದವನಿದ್ದಾಗ ನನಗೆ ಜ್ವರ ಬಂದು ಹದಿನೈದು ದಿನ ಇಳಿಯಲಿಲ್ಲ. ಅವ್ವ ಅಲಾಯಿ ದೇವರಿಗೆ ಹರಕೆ ಹೊತ್ತಳು: ಮಗ ಉಳಿದರೆ ಐದು ವರ್ಷ ಹುಲಿ ಮಾಡಿಸುತ್ತೇನೆ. ನಮ್ಮದು ಮುಸ್ಲಿಮರ ಮನೆಯಲ್ಲ. ಆ ಊರಿನಲ್ಲಿ ಅದನ್ನು ಯಾರೂ ಕೇಳುತ್ತಲೂ ಇರಲಿಲ್ಲ.

ಬಣ್ಣ ಹಚ್ಚುವುದು ಚಾವಡಿಯ ಹಿಂದೆ. ಮೊದಲು ಮೈಯೆಲ್ಲ ಹಳದಿ, ಅದು ಆರಿದ ಮೇಲೆ ಕಪ್ಪು ಪಟ್ಟೆ. ಬಣ್ಣ ಒಣಗುವವರೆಗೆ ಎರಡೂ ಕೈ ಚಾಚಿ, ಕಾಲು ಅಗಲಿಸಿ ನಿಂತಿರಬೇಕು. ಕೂತರೆ ತೊಡೆಯ ಪಟ್ಟೆ ಹೊಟ್ಟೆಗೆ ಅಂಟಿ ಹುಲಿ ಹೋಗಿ ಕತ್ತೆಕಿರುಬ ಆಗುತ್ತದೆ ಎಂದು ಬಣ್ಣದ ಕಾಕಾ ಹೆದರಿಸುತ್ತಿದ್ದ. ಮೂಗಿನ ತುದಿ ತುರಿಸಿದರೆ ಅಕ್ಕ ಬಂದು ಕಡ್ಡಿಯಿಂದ ತುರಿಸಬೇಕು. ನಾನು ಅತ್ತೆ. ಕಣ್ಣೀರು ಇಳಿದಲ್ಲೆಲ್ಲ ಬಣ್ಣ ಕರಗಿ ಎರಡು ಗೆರೆ ಬಿದ್ದವು. ಕಾಕಾ ಅವನ್ನೇ ಮೀಸೆಯ ಪಟ್ಟೆ ಮಾಡಿಬಿಟ್ಟ.

ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿ ಅಪ್ಪ ಹಿಂದೆ ಹಿಡಿದುಕೊಂಡ. ಹಲಗಿ ಬಾರಿಸಲು ಶುರು ಮಾಡಿದರು. ಏನಾಯಿತೋ, ಅಳು ನಿಂತಿತು. ನಾವು ಗೌಡರ ವಾಡೆಯ ಮುಂದೆ ಹೋದೆವು. ನಮ್ಮಪ್ಪ ಆ ಮನೆಯಲ್ಲಿ ಸಂಬಳಕ್ಕಿದ್ದ ಆಳು. ದಿನವೂ ಚಪ್ಪಲಿಯನ್ನು ಹೊರಗೆ ಬಿಟ್ಟು ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದ. ಆ ದಿನ ನಾನು ಕಟ್ಟೆ ಹತ್ತಿ ನೇರ ಗೌಡರ ಮೇಲೆ ಹಾರಿದೆ. ಅಪ್ಪ ಹಗ್ಗ ಜಗ್ಗಲಿಲ್ಲ. ನನಗೆ ಇಂದಿಗೂ ಅದು ನೆನಪಿದೆ, ಹಗ್ಗ ಸಡಿಲವಾಗಿಯೇ ಇತ್ತು. ಗೌಡರು ಎರಡು ಹೆಜ್ಜೆ ಹಿಂದೆ ಸರಿದು, ನಕ್ಕು, ಐದು ರೂಪಾಯಿಯ ನೋಟು ಕೊಟ್ಟು ಕೈ ಮುಗಿದರು. ಮನೆಗೆ ಬಂದು ಚಿಮಣಿ ಎಣ್ಣೆ ಹಚ್ಚಿ ತಿಕ್ಕಿದರೂ ಕಿವಿಯ ಹಿಂದಿನ ಹಳದಿ ಎಂಟು ದಿನ ಹೋಗಲಿಲ್ಲ. ಮರುದಿನ ಅಪ್ಪ ಮತ್ತೆ ಅದೇ ಅಂಗಳದ ಅಂಚಿನಲ್ಲಿ ನಿಂತಿದ್ದ.

ಸಿಂಹವೋ ಹುಲಿಯೋ ಎಂಬ ಜಗಳಕ್ಕೆ ನನ್ನದೊಂದು ಮಾತು. ನಮ್ಮ ಊರಿನ ಮಲಿಕ್-ಎ-ಮೈದಾನ್ ತೋಪನ್ನು ನೋಡಿದ್ದೀರಲ್ಲ? 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ತೋಪಿನ ಬಾಯಿಯೇ ಮೃಗದ ಬಾಯಿ, ದವಡೆಯ ನಡುವೆ ಆನೆ ಸಿಕ್ಕಿಕೊಂಡಿದೆ. ಪುಸ್ತಕದವರು ಸಿಂಹ ಎನ್ನುತ್ತಾರೆ. ನಾವು ಸಣ್ಣವರಿದ್ದಾಗ ಅದರ ಬಾಯೊಳಗೆ ತಲೆ ಹಾಕಿ ಕೂಗುವಾಗ ‘ಹುಲಿ ಹುಲಿ’ ಎಂದೇ ಕೂಗುತ್ತಿದ್ದೆವು. ಶೇರ್ ಎಂಬ ಮಾತಿಗೆ ಜನರ ಬಾಯಲ್ಲಿ ಎರಡೂ ಅರ್ಥ. ಹೆದರಿಸಲು ಯಾವುದಾದರೇನು?

ಎರಡನೇ ಪಾಳಿ, ಬಾಗಲಕೋಟೆ

ಬುರುಜಿನವರೇ, ಹಗ್ಗ ಸಡಿಲವಾಗಿತ್ತು ಎಂದಿರಲ್ಲ, ಅದನ್ನು ಓದಿ ಐದು ನಿಮಿಷ ಸುಮ್ಮನೆ ಕೂತಿದ್ದೆ. ನಮ್ಮ ಊರಿನ ಹೋಳಿಯಲ್ಲೂ ಹೀಗೆಯೇ. ಸೋಗಿನ ಬಂಡಿ ಹತ್ತಿದವನು ಯಾರನ್ನು ಬೇಕಾದರೂ ಅಣಕಿಸಬಹುದು, ಬಂಡಿಯಿಂದ ಇಳಿದ ಮೇಲೆ ಅದೇ ಮಾತು ಆಡಿದರೆ ಏಟು ಬೀಳುತ್ತದೆ.

ಅಖಾಡದ ಅಂಚಿನವ, ಬೆಳಗಾವಿ

ಪೈಲ್ವಾನ್ ಕಾಕಾ, ನಿಮ್ಮೆದುರು ಕುಸ್ತಿಯ ಮಾತಾಡುವಷ್ಟು ದೊಡ್ಡವನು ನಾನಲ್ಲ. ಟಿವಿ ಕುಸ್ತಿಯಲ್ಲಿ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ, ಒಪ್ಪಿದೆ. ಆದರೆ ಒಂದೆರಡು ಸಂಗತಿ ಹೇಳುತ್ತೇನೆ, ಆಮೇಲೆ ಬೈಯಿರಿ.

ಆ ಚಿತ್ರಕಥೆಯಲ್ಲಿ ಜೈಂಟ್ ಬಾಬಾ, ಆಂತೋನಿಯೋ ಇನೋಕಿ ಎಂಬ ನಿಜವಾದ ಕುಸ್ತಿಪಟುಗಳೂ ಪಾತ್ರಗಳಾಗಿ ಬರುತ್ತಾರೆ. ಅದೇ ಇನೋಕಿ 1976ರ ಡಿಸೆಂಬರ್‌ನಲ್ಲಿ ಕರಾಚಿಗೆ ಹೋಗಿ ಅಕ್ರಮ್ ಪೈಲ್ವಾನರ ಎದುರು ನಿಂತರು. ಅಕ್ರಮ್ ನಮ್ಮ ಗಾಮಾ ಪೈಲ್ವಾನರ ಮನೆತನದವರು. ತೋಳಿಗೆ ಪೆಟ್ಟಾಗಿ ಸೋತರು. ಆ ದಿನದ ಜಿದ್ದು ನೂರಾ ಆಗಿರಲಿಲ್ಲ ಎಂಬುದು ನಿಮಗೇ ಹೆಚ್ಚು ಗೊತ್ತಿರಬೇಕು.

ಇದೇ ಇನೋಕಿಯ ಕಂಪನಿ 1981ರ ಏಪ್ರಿಲ್ 23ರಂದು ಟೋಕಿಯೋದಲ್ಲಿ ಕಾಗದದ ಹುಲಿಯನ್ನು ನಿಜವಾದ ಕಣಕ್ಕೆ ಇಳಿಸಿತು. ಮುಖವಾಡದೊಳಗೆ ಇದ್ದವರು ಸತೋರು ಸಯಾಮಾ, ಎದುರಿಗೆ ಇಂಗ್ಲೆಂಡಿನ ಡೈನಮೈಟ್ ಕಿಡ್. ಆ ಮೊದಲ ದಿನದ ಮುಖವಾಡ ಅವಸರದಲ್ಲಿ ಮಾಡಿದ ಬಡಕಲು ಬಟ್ಟೆ. ಜನ ನಗುತ್ತಲೇ ಸ್ವಾಗತಿಸಿದರು. ಕುಸ್ತಿ ಮುಗಿಯುವ ಹೊತ್ತಿಗೆ ನಗುವವರು ಯಾರೂ ಉಳಿದಿರಲಿಲ್ಲ. ನೀವೊಮ್ಮೆ ಆ ವಿಡಿಯೋ ನೋಡಬೇಕು ಕಾಕಾ. ಹಗ್ಗದ ಮೇಲಿಂದ ಹಾರಿ, ಗಾಳಿಯಲ್ಲಿ ತಿರುಗಿ, ಬೆಕ್ಕಿನಂತೆ ಕಾಲ ಮೇಲೆಯೇ ಇಳಿಯುವುದನ್ನು ನಾಟಕ ಎಂದರೂ ಸರಿ, ಮೈ ಪಳಗಿಸದೆ ಅದು ಬರುವುದಿಲ್ಲ.

ಸಯಾಮಾ 1983ರಲ್ಲಿ ಆ ಕಂಪನಿ ಬಿಟ್ಟರು. ಮರು ವರ್ಷ ಇನ್ನೊಂದು ಕಂಪನಿಯಲ್ಲಿ ಮಿತ್ಸುಹಾರು ಮಿಸಾವಾ ಅದೇ ಮುಖವಾಡ ಹಾಕಿದರು. ಆರು ವರ್ಷ ಹುಲಿಯಾಗಿದ್ದು, 1990ರ ಮೇ ತಿಂಗಳಲ್ಲಿ ಕುಸ್ತಿಯ ನಡುವೆಯೇ ಜೊತೆಗಾರನಿಗೆ ಬೆನ್ನು ತಿರುಗಿಸಿ, ಹಿಂದಿನ ದಾರ ಬಿಚ್ಚು ಎಂದರು. ಮುಖವಾಡ ಕಿತ್ತು ಜನರತ್ತ ಎಸೆದು ಬರಿ ಮುಖದಲ್ಲಿ ಆಟ ಮುಂದುವರಿಸಿದರು. ಮಿಸಾವಾ ದೊಡ್ಡ ಪೈಲ್ವಾನರಾದದ್ದು ಅಲ್ಲಿಂದ ಮುಂದೆಯೇ.

ಹಳೇ ಪೈಲ್ವಾನ, ಜಮಖಂಡಿ

ಆ ಎರಡನೆಯವನು ಗಂಡಸು. ಕೊನೆಗಾದರೂ ಮುಖ ತೋರಿಸಿದ.

ಕೂಡಲದ ದಾರಿ, ಹುನಗುಂದ

ನಾನು ಕನ್ನಡ ಮಾಸ್ತರ, ನಿವೃತ್ತನಾಗಿ ಮೂರು ವರ್ಷ. ಹುಡುಗನ ಎರಡು ನಿಮಿಷಕ್ಕೆ ಒಂದು ದಾರಿ ತೋರಿಸಬಲ್ಲೆ. ಕಥೆಯನ್ನು ಮೊದಲು ಪೂರ್ತಿ ತಿಳಿದುಕೊಳ್ಳೋಣವೆಂದು ಮೊಮ್ಮಗಳಿಂದ ಹುಡುಕಿಸಿ ಓದಿದೆ.

ಗವಿಗೆ ಹಣ ಕಟ್ಟದಿದ್ದುದು ಕಥೆಯ ತಿರುವು ಎಂದು ನೀವು ಬರೆದಿರಿ. ನನಗೆ ಕಂಡ ತಿರುವು ಬೇರೆ. ಅನಾಥಾಲಯದಲ್ಲಿ ಕೆಂತಾ ಎಂಬ ಪುಂಡ ಹುಡುಗನಿದ್ದಾನೆ. ಹುಲಿ ಮೋಸ ಮಾಡಿ ಗೆಲ್ಲುವುದನ್ನು ಕಂಡು, ತಾನೂ ದೊಡ್ಡವನಾದ ಮೇಲೆ ಹೀಗೆಯೇ ದುಷ್ಟ ಪೈಲ್ವಾನನಾಗಬೇಕೆಂದು ಆಸೆಪಡುತ್ತಾನೆ. ಯಾರ ಬೈಗುಳಕ್ಕೂ ಬಗ್ಗದ ಹುಲಿ ಆ ಮಗುವಿನ ಆಸೆಗೆ ಬಗ್ಗುತ್ತದೆ. ಇನ್ನು ಮೇಲೆ ಧರ್ಮದ ಕುಸ್ತಿಯನ್ನೇ ಆಡುತ್ತೇನೆಂದು ಹೊರಡುತ್ತದೆ.

ಇದನ್ನು ಓದುತ್ತಿದ್ದಂತೆ ನನಗೆ ಅರ್ಬುತ ನೆನಪಾದ. ಗೋವಿನ ಹಾಡಿನ ಹುಲಿಯನ್ನು ನಾವೆಲ್ಲ ಪುಣ್ಯಕೋಟಿಯ ನೆರಳಿನಲ್ಲೇ ಓದಿದ್ದೇವೆ. ನನ್ನ ತರಗತಿಯಲ್ಲಿ ಮೂವತ್ತು ವರ್ಷ ಆ ಪದ್ಯ ಮಾಡಿದೆ, ಒಂದು ಮಗುವೂ ಹುಲಿಯ ಬಗ್ಗೆ ಪ್ರಶ್ನೆ ಕೇಳದ ವರ್ಷವಿಲ್ಲ. ‘ಸರ್, ಅದು ತಿನ್ನಲಿಲ್ಲ ಅಲ್ಲವೇ, ಮತ್ತೆ ಏಕೆ ಸತ್ತಿತು?’ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಹಸು ಮಾತು ಉಳಿಸಿಕೊಂಡು ಬಂದಾಗ ಹುಲಿಗೆ ತಾನು ಯಾರೆಂಬುದು ಕಾಣುತ್ತದೆ. ಕಂಡ ಮೇಲೆ ಮತ್ತೆ ಹುಲಿಯಾಗಿರಲು ಆಗುವುದಿಲ್ಲ, ಹುಲ್ಲು ತಿನ್ನಲೂ ಆಗುವುದಿಲ್ಲ. ಹಾರಿ ಪ್ರಾಣ ಬಿಡುತ್ತದೆ.

ಚಿತ್ರಕಥೆಯ ನವೋತೋ ಕೂಡ ಬದುಕುವುದಿಲ್ಲ. ರಸ್ತೆಯಲ್ಲಿ ಒಂದು ಮಗುವನ್ನು ಉಳಿಸಲು ಹೋಗಿ ಲಾರಿಗೆ ಸಿಗುತ್ತಾನೆ. ಉಸಿರು ನಿಲ್ಲುವ ಮೊದಲು ಕಿಸೆಯಲ್ಲಿದ್ದ ಮುಖವಾಡವನ್ನು ತೆಗೆದು ಹೊಳೆಗೆ ಎಸೆಯುತ್ತಾನೆ. ತಾನೇ ಹುಲಿ ಎಂಬುದು ಯಾರಿಗೂ ತಿಳಿಯದಿರಲೆಂದು! ಟಿವಿಯವರು ಬೇರೆ ಕೊನೆ ಮಾಡಿದ್ದಾರೆ. ಅಲ್ಲಿ ಕೊನೆಯ ಕಾಳಗದಲ್ಲಿ ಮುಖವಾಡ ಹರಿದು ಹೋಗುತ್ತದೆ. ಬರಿ ಮುಖದ ನವೋತೋ ಗವಿಯಲ್ಲಿ ಕಲಿತ ಎಲ್ಲ ಕ್ರೌರ್ಯವನ್ನೂ ಹೊರಗೆ ತೆಗೆದು ಗೆಲ್ಲುತ್ತಾನೆ, ಗೆದ್ದು ದೇಶ ಬಿಟ್ಟು ಹೋಗುತ್ತಾನೆ. ಎರಡರಲ್ಲಿ ನನಗೆ ಟಿವಿಯದೇ ಹೆಚ್ಚು ನಿಜ ಎನಿಸಿತು. ಹುಲಿ ಮುಖವಾಡದಲ್ಲಿ ಇರಲಿಲ್ಲ ಎಂಬುದು ಅಲ್ಲಿ ಬಯಲಾಗುತ್ತದೆ. ಆದರೆ ಹುಡುಗನಿಗೆ ಇಷ್ಟೆಲ್ಲ ಹೇಳಬೇಡಿ, ಹೊಳೆಯ ಕಥೆಯನ್ನೇ ಹೇಳಿ.

ಒಂದು ಸಣ್ಣ ಸಂತೋಷ: ಅವನ ಮನೆತನದ ಹೆಸರು ದಾತೆ. ನಮ್ಮ ಕಿವಿಗೆ ‘ದಾತ’ ಎಂದೇ ಕೇಳಿಸುತ್ತದೆ. ಬಾಯಿಯವರ ಮುಂದೆ ಇದನ್ನು ಹೇಳಿದರೆ ಎರಡು ಅಂಕ ಹೆಚ್ಚು ಬಂದೀತು.

ಕಹಿಬೇವು, ಮುಧೋಳ

ಎಲ್ಲರೂ ಕಣ್ಣೊರೆಸಿಕೊಳ್ಳುವ ಮೊದಲು ನಾಲ್ಕು ಕಹಿ ಮಾತು.

ಮೊದಲನೆಯದು: ಆ ಕಥೆ ಬರೆದ ಕಾಜಿವಾರಾ ಸ್ವತಃ 1983ರಲ್ಲಿ ಪತ್ರಿಕೆಯ ಸಂಪಾದಕರೊಬ್ಬರ ಮೇಲೆ ಹಲ್ಲೆ ಮಾಡಿದ್ದಕ್ಕೆ ಬಂಧನಕ್ಕೊಳಗಾದವರು. ಮುಖವಾಡದ ಹುಲಿ ಸಾಧುವಾಯಿತು, ಬರೆದವರ ಕೈ ಆಗಲಿಲ್ಲ. ಸಯಾಮಾ ಕಣಕ್ಕಿಳಿದ ಅದೇ ವಾರ ಹುಲಿಯ ಹೊಸ ಕಾರ್ಟೂನು ಟಿವಿಯಲ್ಲಿ ಶುರುವಾಯಿತು. ಇದಕ್ಕೆ ವ್ಯಾಪಾರ ಎನ್ನುತ್ತಾರೆ. ಆ ಕಾರ್ಟೂನಿನಲ್ಲಿ ಹರಿಯುವ ರಕ್ತವನ್ನು ನಾಲ್ಕನೇ ತರಗತಿಯ ಹುಡುಗ ನೋಡಬೇಕಾಗಿತ್ತೇ ಎಂದು ಮಾಮನನ್ನು ಯಾರೂ ಕೇಳಲಿಲ್ಲ.

ಇನ್ನೊಂದು, ನಮ್ಮಲ್ಲಿ ‘ಹುಲಿ’ ಎಂಬ ಮಾತು ಎಷ್ಟು ಅಗ್ಗವಾಗಿದೆ ನೋಡಿ. ಗಲ್ಲಿಗೊಬ್ಬ ಹುಲಿ, ಹುಟ್ಟುಹಬ್ಬದ ಫ್ಲೆಕ್ಸಿಗೊಬ್ಬ ಹುಲಿ. ಕಪ್ಪು ಕನ್ನಡಕ ಹಾಕಿ ಪಕ್ಕದಲ್ಲಿ ಹುಲಿಯ ಚಿತ್ರ ಅಂಟಿಸಿದರೆ ಆಯಿತು. ಹುಲಿಯನ್ನು ಕಂಡು ನರಿ ಮೈ ಸುಟ್ಟುಕೊಂಡ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು. ಆ ಮಗುವಿನ ಮೇಲೆ ಇನ್ನೊಂದು ಪಟ್ಟೆ ಏಕೆ?

ಅಖಾಡದ ಅಂಚಿನವ, ಬೆಳಗಾವಿ

ರಕ್ತದ ಮಾತು ಸರಿ, ತಲೆ ತಗ್ಗಿಸಿದ್ದೇನೆ. ಅಕ್ಕ ಮೊಬೈಲಿಗೆ ಬೀಗ ಹಾಕಿಸಿಯಾಗಿದೆ.

ಎರಡನೇ ಪಾಳಿ, ಬಾಗಲಕೋಟೆ

ಕಹಿಬೇವಿನವರೇ, ವ್ಯಾಪಾರ ಎಂದಿರಿ. ಹಾಗಾದರೆ ಇದಕ್ಕೇನು ಹೇಳುತ್ತೀರಿ? ನಿನ್ನೆ ಪಾಳಿ ಮುಗಿದ ಮೇಲೆ ಓದಿದೆ.

2010ರ ಕ್ರಿಸ್‌ಮಸ್ ದಿನ ಗುನ್ಮಾ ಪ್ರಾಂತ್ಯದ ಮಾಯೆಬಾಶಿ ಊರಿನಲ್ಲಿ, ಅನಾಥ ಮಕ್ಕಳನ್ನು ನೋಡಿಕೊಳ್ಳುವ ಕಚೇರಿಯೊಂದರ ಬಾಗಿಲಲ್ಲಿ ಯಾರೋ ಹತ್ತು ಹೊಸ ಶಾಲಾ ಚೀಲಗಳನ್ನು ಇಟ್ಟು ಹೋಗಿದ್ದರು. ನಮ್ಮ ಪಾಟಿಚೀಲವಲ್ಲ, ಅಲ್ಲಿನ ಮಕ್ಕಳು ಆರು ವರ್ಷ ಒಂದನ್ನೇ ಹೊರುವ ಗಟ್ಟಿಯಾದ, ದುಬಾರಿ ಚೀಲ. ಜೊತೆಗಿದ್ದ ಚೀಟಿಯಲ್ಲಿ ಕೊಟ್ಟವರ ಹೆಸರು: ನವೋತೋ ದಾತೆ. ಸುದ್ದಿ ಹರಡಿತು. ಹೊಸ ವರ್ಷ ಹುಟ್ಟಿದ ಎರಡೇ ವಾರದಲ್ಲಿ ಜಪಾನಿನ 47 ಪ್ರಾಂತ್ಯಗಳಲ್ಲೂ ‘ನವೋತೋ ದಾತೆ’ ಹುಟ್ಟಿಕೊಂಡರು. ಒಬ್ಬರು ಪೆನ್ಸಿಲ್ ಇಟ್ಟರು, ಒಬ್ಬರು ಅಕ್ಕಿ, ಒಬ್ಬರು ಆಟಿಕೆ, ಇನ್ನೊಬ್ಬರು ನೋಟು ತುಂಬಿದ ಲಕೋಟೆ. ಕಥೆಯ ನಾಯಕ ಸತ್ತು ನಲವತ್ತು ವರ್ಷವಾಗಿತ್ತು!

ಮೊದಲ ಹತ್ತು ಚೀಲ ಇಟ್ಟವರು 2016ರ ಡಿಸೆಂಬರ್‌ನಲ್ಲಿ ಟೋಕಿಯೋದ ಕುಸ್ತಿ ಕಣವೊಂದರಲ್ಲಿ ತಾವೇ ಮುಂದೆ ಬಂದು ಮುಖ ತೋರಿಸಿದರು. ಕಚೇರಿಯಲ್ಲಿ ಕೆಲಸ ಮಾಡುವ ಸಾಮಾನ್ಯ ಮನುಷ್ಯ.

ಕಹಿಬೇವು, ಮುಧೋಳ

ಮುಖ ಏಕೆ ತೋರಿಸಬೇಕಿತ್ತು? ಹೊಳೆಗೆ ಎಸೆಯಬಾರದಿತ್ತೇ? ಚೀಲದ ಮಾತು ಮಾತ್ರ ನನಗೆ ಗೊತ್ತಿರಲಿಲ್ಲ. ಒಪ್ಪಿಕೊಂಡೆ.

ಹಳೇ ಪೈಲ್ವಾನ, ಜಮಖಂಡಿ

ಎರಡು ದಿನ ಸುಮ್ಮನಿದ್ದೆ. ಚೀಲದ ಸಂಗತಿ ಓದಿದ ಮೇಲೆ ಒಂದು ಹಳೆಯ ಮಾತು ಎದ್ದು ಬಂತು, ಹೇಳಿಬಿಡುತ್ತೇನೆ.

ನಮ್ಮೂರ ಜಾತ್ರೆಯ ಕುಸ್ತಿಯಲ್ಲಿ ಇನಾಮು ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ನೂರಾ ಒಂದು ರೂಪಾಯಿ ಕೊಟ್ಟು ಹೆಸರನ್ನು ಮೂರು ಸಲ ಕೂಗಿಸಿಕೊಂಡವರಿದ್ದಾರೆ. ತಮ್ಮ ಹೆಸರಿನ ಜೊತೆ ಅಂಗಡಿಯ ಹೆಸರು ಬಿಟ್ಟುಹೋಯಿತೆಂದು ಕಣದೊಳಗೆ ನುಗ್ಗಿ ಮೈಕು ಕಸಿದವರನ್ನೂ ಕಂಡಿದ್ದೇನೆ. ಸಣ್ಣ ಹುಡುಗರ ಜೋಡಿಗೆ ಮಾತ್ರ ಯಾರೂ ಹಣ ಹಚ್ಚುತ್ತಿರಲಿಲ್ಲ. ಗೆದ್ದ ಹುಡುಗನಿಗೆ ಒಂದು ತೆಂಗಿನಕಾಯಿ, ಅಷ್ಟೇ. ನಾನು ಆಗ ಹತ್ತು ವರ್ಷದವನು. ಒಂದು ವರ್ಷ ಕಾಯಿಯ ಜೊತೆ ಪ್ರತಿ ಹುಡುಗನಿಗೂ ಒಂದು ಶೇರು ಬಾದಾಮಿಯ ಪೊಟ್ಟಣ ಬಂತು. ಗೆದ್ದವನಿಗೂ ಬಿದ್ದವನಿಗೂ. ಮೈಕಿನವನು ‘ಒಬ್ಬ ಅಭಿಮಾನಿಯಿಂದ’ ಎಂದಷ್ಟೇ ಕೂಗಿದ. ಮುಂದಿನ ವರ್ಷವೂ ಬಂತು. ಹೀಗೆ ಏಳು ವರ್ಷ. ಊರೆಲ್ಲ ಆ ಅಭಿಮಾನಿ ಯಾರೆಂದು ಹುಡುಕಿತು. ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರ ಮೇಲೆ ಸಂಶಯ ಬಂದರೆ ಅವರು ಕಾಲಲ್ಲಿದ್ದದ್ದನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ಅಷ್ಟು ಒರಟು ಮನುಷ್ಯ, ತಾಲೀಮಿಗೆ ಎರಡು ನಿಮಿಷ ತಡವಾದರೆ ಮಲ್ಲಕಂಬಕ್ಕೆ ಕಟ್ಟುತ್ತಿದ್ದ. ಅವರು ತೀರಿಕೊಂಡ ವರ್ಷ ಬಾದಾಮಿ ಬರಲಿಲ್ಲ.

ಅಖಾಡದಲ್ಲಿ ಹುಲಿಗೆ ಜಾಗವಿಲ್ಲ ಎಂದು ಮೊದಲು ಬರೆದಿದ್ದೆ. ಅದನ್ನು ಅಳಿಸಬಹುದಾದರೆ ಅಳಿಸಿ.

ಮತ್ತೆ, ಹುಲಿ ಎಂದು ಹೆಸರಿಟ್ಟುಕೊಂಡು ಜಪಾನಿನಲ್ಲಿ ಗಲಾಟೆ ಎಬ್ಬಿಸಿದ ನಮ್ಮವನೊಬ್ಬನಿದ್ದಾನೆ, ಯಾರೂ ನೆನೆಯಲಿಲ್ಲ. ಪಂಜಾಬಿನ ಟೈಗರ್ ಜೀತ್ ಸಿಂಗ್. ತಲೆಗೆ ರುಮಾಲು, ಕೈಯಲ್ಲಿ ಕತ್ತಿ. 1973ರಲ್ಲಿ ಟೋಕಿಯೋದ ಪೇಟೆ ಬೀದಿಯಲ್ಲೇ ಆ ಇನೋಕಿಯ ಮೇಲೆ ಬಿದ್ದಿದ್ದ. ಅವನನ್ನು ಕಂಡರೆ ಜನ ಕುರ್ಚಿ ಬಿಟ್ಟು ಓಡುತ್ತಿದ್ದರಂತೆ. ಅವನು ಕೆನಡಾದಲ್ಲಿ ನೆಲೆ ನಿಂತ. ಅಲ್ಲಿನ ಮಿಲ್ಟನ್ ಊರಿನಲ್ಲಿ ಅವನ ಹೆಸರಿನದೇ ಸರಕಾರಿ ಶಾಲೆಯಿದೆ. ನನ್ನ ಮಗನಿಂದ ಫೋಟೋ ತರಿಸಿ ನೋಡಿದೆ, ನಿಜ.

ಶೇರ್ಜಾ ಬುರುಜು, ವಿಜಯಪುರ

ಪೈಲ್ವಾನ್ ಕಾಕಾ, ಬಾದಾಮಿಯ ಪೊಟ್ಟಣಕ್ಕೆ ನಮಸ್ಕಾರ.

ಕುಣಿಮಗ್ಗ, ಗುಳೇದಗುಡ್ಡ

ಇಷ್ಟು ದಿನ ಓದುತ್ತಲೇ ಇದ್ದೆ, ಬರೆದಿರಲಿಲ್ಲ. ಮನೆಯಲ್ಲಿ ಖಣ ನೇಯುತ್ತಾರೆ, ನಾನು ಕುಪ್ಪಸ ಹೊಲಿಯುತ್ತೇನೆ. ಹುಲಿ ಎಲ್ಲಿಂದ ಬಂತೆಂಬುದು ನೀವು ದೊಡ್ಡವರಿಗೆ ಬಿಟ್ಟದ್ದು. ಮುಖವಾಡ ಹೊಲಿಯುವ ಮಾತಾಡೋಣ. ಗ್ಯಾದರಿಂಗಿಗೆ ಉಳಿದಿರುವುದು ಎಷ್ಟು ದಿನ?

ಅಂಗಡಿಯ ಪ್ಲಾಸ್ಟಿಕ್ ಹುಲಿ ತರಬೇಡಿ. ಒಳಗೆ ಬೆವರು ನಿಂತು ಹುಡುಗ ಎರಡು ನಿಮಿಷವೂ ತಡೆಯಲಾರ. ಕುಸ್ತಿಯವರ ಮುಖವಾಡದ ಫೋಟೋ ದೊಡ್ಡದು ಮಾಡಿ ನೋಡಿದೆ. ಹಿಂದೆ ನೆತ್ತಿಯಿಂದ ಕುತ್ತಿಗೆಯವರೆಗೆ ಸೀಳು ಬಿಟ್ಟು, ತೂತುಗಳಲ್ಲಿ ದಾರ ಪೋಣಿಸಿ ಬಿಗಿಯುತ್ತಾರೆ. ಕುಪ್ಪಸದ ಬೆನ್ನಿನ ಲಾಡಿಯ ಹಾಗೆಯೇ, ಹೊಸದೇನೂ ಅಲ್ಲ. ಹಳದಿ ಖಣದ ತುಂಡು ನನ್ನಲ್ಲಿದೆ. ಆದರೆ ಖಣ ಹಿಗ್ಗುವುದಿಲ್ಲ. ಒಂದೇ ತುಂಡಿನಲ್ಲಿ ಕತ್ತರಿಸಿದರೆ ಗಲ್ಲದ ಹತ್ತಿರ ನಿರಿಗೆ ಬಿದ್ದು ಹುಲಿ ಮುದುಕನಾಗುತ್ತದೆ. ನಾಲ್ಕು ತುಂಡು ಮಾಡಿ, ದವಡೆಯ ಕೆಳಗೆ ಎರಡು ಕಡೆ ಬನಿಯನ್ ಬಟ್ಟೆಯ ಪಟ್ಟಿ ಸೇರಿಸುತ್ತೇನೆ. ಒಳಗೆ ಹಳೆಯ ಮಗ್ಗದ ಸೀರೆಯ ಅಸ್ತರು. ಪಟ್ಟೆಗಳನ್ನು ಬಣ್ಣದಲ್ಲಿ ಬಳಿಯುವುದಿಲ್ಲ, ಕಪ್ಪು ಗೋಟು ಕತ್ತರಿಸಿ ಹೊಲಿಯುತ್ತೇನೆ. ಮೂಗು, ಬಾಯಿ ತೆರೆದಿರಲಿ, ಮೈಕಿನಲ್ಲಿ ಮಾತು ಕೇಳಿಸಬೇಕು. ತಲೆಯ ಸುತ್ತಳತೆ, ಗಲ್ಲದಿಂದ ನೆತ್ತಿಯ ಮೇಲೆ ಹಾದು ಮತ್ತೆ ಗಲ್ಲಕ್ಕೆ ಎಷ್ಟು, ಎರಡು ಕಣ್ಣಿನ ನಡುವೆ ಎಷ್ಟು, ಇಷ್ಟು ಅಳೆದು ಕಳಿಸಿ. ಹೊಲಿಗೆಯ ದುಡ್ಡು ಬೇಡ. ಕೊಟ್ಟವರು ಯಾರೆಂದು ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ನಿಮಗೆ ಗೊತ್ತಿದೆ.

ಕರಾವಳಿ ಸೊಸೆ, ಖಾನಾಪುರ

ಖಣದ ಹುಲಿ! ಅಕ್ಕನವರೇ, ನಾನು ಸೋತೆ. ತಾಸೆಯ ಬಡಿತದ ಆಡಿಯೋ ಬೇಕಿದ್ದರೆ ನಾನು ಕಳಿಸುತ್ತೇನೆ. ಹುಡುಗ ವೇದಿಕೆಗೆ ಬರುವಾಗ ಹಾಕಿ.

ಅಖಾಡದ ಅಂಚಿನವ, ಬೆಳಗಾವಿ

ತಾಸೆಯನ್ನು ಬುರುಜಿನವರು ಬಿಡುವುದಿಲ್ಲ, ಹಲಗಿಯೇ ಆಗಬೇಕೆನ್ನುತ್ತಾರೆ. ಅದಕ್ಕೆ ಇನ್ನೊಂದು ಚರ್ಚೆ ತೆರೆಯೋಣ.

ಕುಣಿಮಗ್ಗದ ಅಕ್ಕಾ, ನಿಮ್ಮ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವೇ ಅಳತೆಯ ಟೇಪು ಹುಡುಕಿ ತಂದರು. ಮಾಸ್ತರರೇ, ನೀವು ಹೇಳಿದ ಹೊಳೆಯ ಕಥೆಯನ್ನು ಹುಡುಗನಿಗೆ ಎರಡು ದಿನ ಬಾಯಿಪಾಠ ಮಾಡಿಸಿದೆ. ಕೊನೆಗೆ, ‘ಇರಲಿ, ನಿನಗೆ ನಿಜವಾಗಿ ಈ ಹುಲಿ ಏಕೆ ಇಷ್ಟ?’ ಎಂದು ಕೇಳಿದರೆ, ‘ಮುಖ ಮುಚ್ಚಿಕೊಂಡಿದ್ದರೆ ಮಾತು ಮರೆತರೂ ನಾನೇ ಎಂದು ಯಾರಿಗೂ ಗೊತ್ತಾಗುವುದಿಲ್ಲ ಮಾಮಾ’ ಎಂದ. ಹೋದ ವರ್ಷ ಅವನು ವಿವೇಕಾನಂದ ಆಗಿ ವೇದಿಕೆಯ ಮೇಲೆ ಅತ್ತದ್ದು ನನಗೆ ಮರೆತೇ ಹೋಗಿತ್ತು.

ತಲೆಯ ಸುತ್ತಳತೆ 52 ಸೆಂಟಿಮೀಟರ್. ಉಳಿದ ಅಳತೆಗಳನ್ನು ಚೀಟಿಯಲ್ಲಿ ಬರೆದು ಫೋಟೋ ಕಳಿಸಿದ್ದೇನೆ. ಕಿವಿ ಸ್ವಲ್ಪ ದೊಡ್ಡದಿರಲಿ ಎಂಬುದು ಅಪ್ಪನ ಬೇಡಿಕೆ. ಕೊನೆಯದಾಗಿ ಒಂದು ಸಂಕೋಚದ ಮಾತು. ಪಕ್ಕದ ಮನೆಯ ಹುಡುಗಿ ಈ ಸಲವೂ ಚೆನ್ನಮ್ಮ ಆಗುವವಳಿದ್ದಳು, ಈಗ ಅವಳಿಗೂ ಹುಲಿಯೇ ಬೇಕಂತೆ. ಖಣ ಉಳಿದರೆ ಎರಡು ಹೊಲಿಯಿರಿ. ಅವಳಿಗೆ ಎರಡು ಜಡೆ. ಹಿಂದಿನ ಸೀಳಿನಿಂದ ಅವನ್ನು ಹೊರಗೆ ಬಿಡಲು ಬರುತ್ತದೆಯೇ, ಹೇಗೆ?